ನಡೀತದಲ್ರಿ, ಇರ್ಲಿ ಬಿಡ್ರಿ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕಿನವರಿಗೆ ಲಿಫ್ಟಿನ ವಿಷಯದಲ್ಲಿ ಬಾಯಿ ಹಾಕುವ ಹಕ್ಕೇನಿದೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ನಮ್ಮ ಕಡೆಯ ಮನೆಗಳು ಅಡ್ಡಡ್ಡ ಬೆಳೆದವು, ಮೇಲಕ್ಕೆ ಬೆಳೆಯಲಿಲ್ಲ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ನೆಲಕ್ಕೆ ಶಹಾಬಾದ್ ಪರ್ಸಿ. ಮೇಲೆ ಹತ್ತಬೇಕೆಂದರೆ ಮೂಲೆಯಲ್ಲೊಂದು ನಿಚ್ಚಣಿಕೆ. ಅದೂ ಮೆಣಸಿನಕಾಯಿ ಒಣಹಾಕಲು, ಇಲ್ಲವೇ ಬೇಸಿಗೆಯಲ್ಲಿ ಮಲಗಲು. ಕಾಳು ಕಡಿ ಇಡುವುದಕ್ಕಂತೂ ನಮ್ಮ ಹಿರಿಯರು ಕೆಳಗೇ ಇಳಿಯುತ್ತಿದ್ದರು, ಹಗೇವಿನೊಳಗೆ. ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಧುಮುಕುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಕಾದು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಓದು ಬರಹ ಬಾರದ ಮುತ್ಯಾಗಳು ಪಾಲಿಸುತ್ತಿದ್ದ ಈ ಶಿಸ್ತನ್ನು ನೆನಪಿನಲ್ಲಿಟ್ಟುಕೊಳ್ಳಿ. ಅವರ ಓದಿದ ಮೊಮ್ಮಕ್ಕಳು ಲಿಫ್ಟಿನ ವಿಷಯದಲ್ಲಿ ಹೇಗೆ ನಡೆದುಕೊಳ್ಳುತ್ತಾರೆ ಎಂಬುದು ಮುಂದೆ ಬರುತ್ತದೆ.

ಮೇಲೆ ಹತ್ತುವ ಅಂಜಿಕೆಗೆ ಕಿಲ್ಲಾರಿಯ ಭೂಕಂಪವೂ ಒಂದಿಷ್ಟು ಸೇರಿಕೊಂಡಿತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆ ಲಾತೂರು ಜಿಲ್ಲೆಯಲ್ಲಿ ಭೂಮಿ ನಡುಗಿದಾಗ ಆಳಂದದ ಹಳ್ಳಿಗಳಲ್ಲೂ ಜನ ಕೂಸುಕುನ್ನಿ ಎತ್ತಿಕೊಂಡು ಹೊರಬಿದ್ದರು. ಅಲ್ಲಿ ಸಾವಿರಾರು ಜನ ಸತ್ತದ್ದು ಕಲ್ಲು ಮಣ್ಣಿನ ಮನೆಗಳಡಿ ಸಿಕ್ಕು. ಆಮೇಲೆ ಎಷ್ಟೋ ದಿನ ಒಳಗೆ ಮಲಗಲು ಅಂಜಿದ ಜನಕ್ಕೆ ಐದನೇ ಮಹಡಿಯ ಮನೆ ಎಂದರೆ ಹೇಗಾಗಬೇಕು!

ಹಾಗಂತ ಮೇಲೆತ್ತುವ ಯಂತ್ರ ನಾವು ನೋಡೇ ಇಲ್ಲವೆಂದಲ್ಲ. ಅಫಜಲಪುರ ತಾಲ್ಲೂಕಿನ ಸೊನ್ನದಲ್ಲಿ ಭೀಮೆಗೆ ಬ್ಯಾರೇಜು ಕಟ್ಟಿ, ಪಂಪು ಹಚ್ಚಿ ಹೊಲಕ್ಕೆ ನೀರೆತ್ತುವ ಏತ ನೀರಾವರಿ ಇದೆ. ಜೇವರ್ಗಿಯ ರೈತರು ಮಲ್ಲಾಬಾದ ಏತ ನೀರಾವರಿ ಮುಗಿಸಿಕೊಡಿರೆಂದು ಧರಣಿ ಕೂತು ಸಾಕಾಗಿದ್ದಾರೆ. ಒಟ್ಟಿನಲ್ಲಿ ಮೋಟಾರು ಹಚ್ಚಿ ಮೇಲೆತ್ತಿಸಿಕೊಳ್ಳುವ ಮರ್ಯಾದೆ ಈ ಸೀಮೆಯಲ್ಲಿ ಮೊದಲು ಸಿಕ್ಕಿದ್ದು ನೀರಿಗೆ. ಮನುಷ್ಯನ ಪಾಳಿ ಬಂದದ್ದು ಕಲಬುರಗಿಯಲ್ಲಿ, ಒಂದೋ ದವಾಖಾನೆಯ ನೆಪದಲ್ಲಿ, ಇಲ್ಲವೇ ಮಕ್ಕಳ ಓದಿನ ನೆಪದಲ್ಲಿ.

ತೊಗರಿಗೆ ಚಲೋ ರೇಟು ಬಂದ ವರ್ಷ ಹೊಲದ ಮಗ್ಗುಲಿಗೆ ಹೊಲ ಕೊಳ್ಳುತ್ತಿದ್ದವರು ಕಲಬುರಗಿಯಲ್ಲಿ ಫ್ಲ್ಯಾಟು ಹಿಡಿಯತೊಡಗಿದರು. ಮಗನಿಗೆ ಪಿಯುಸಿ ಸೈನ್ಸು, ಮಗಳಿಗೆ ನೀಟ್ ಕೋಚಿಂಗು, ಇಬ್ಬರಿಗೂ ರೊಟ್ಟಿ ಬಡಿದು ಹಾಕಲು ಆಯಿ. ನಮ್ಮ ಭಾವನವರದೂ ಅಂಥದೇ ಒಂದು ಸಂಸಾರ. ಅವರ ಅಪಾರ್ಟ್‌ಮೆಂಟಿನಲ್ಲಿ ಕೆಳಗಿನ ಮನೆ ಜೇವರ್ಗಿಯವರದು, ನಡುವೆ ಆಳಂದದವರು, ಮೇಲೆ ಅಫಜಲಪುರದವರು. ಮೂರೂ ತಾಲ್ಲೂಕು ಒಂದೇ ಲಿಫ್ಟಿಗೆ ಜೋತುಬಿದ್ದಿವೆ. ಆ ಲಿಫ್ಟಿಗೋ ಕಟ್ಟಡದಷ್ಟೇ ವಯಸ್ಸು, ಇಪ್ಪತ್ತೈದು ದಾಟಿದೆ. ಎಳೆದು ಹಾಕುವ ಚಾನೆಲ್ ಗೇಟು, ಒಳಗೊಂದು ಬಲ್ಬು, ಅಂಕಿ ಅಳಿಸಿಹೋದ ಬಟನ್ನುಗಳು.

ಭಾವನವರ ಮನೆಯ ಆಯಿ ಈ ಲಿಫ್ಟನ್ನು ಓದಿಕೊಂಡಿರುವ ರೀತಿ ನೋಡಬೇಕು. ಗೇಟು ತೆಗೆದ ಮೇಲೆ ಒಂದು ಗಳಿಗೆ ನಿಂತು ಕೆಳಗೆ ನೋಡಿ, "ಇವತ್ತ ಮ್ಯಾಲ ನಿಂತದೋ ಕೆಳಗ ನಿಂತದೋ?" ಎಂದು ಕೇಳಿಕೊಂಡೇ ಕಾಲಿಡುತ್ತಾಳೆ. ಒಬ್ಬಳೇ ಮೇಲೆ ಹೋದರೆ ಲಿಫ್ಟು ನೆಲಕ್ಕಿಂತ ಎರಡು ಮೂರು ಇಂಚು ಮೇಲೆ ನಿಲ್ಲುತ್ತದೆ, ತುಂಬಿಕೊಂಡು ಕೆಳಗೆ ಬಂದರೆ ಅಷ್ಟೇ ಕೆಳಗೆ. ಇದಕ್ಕೆ ಕಾರಣ ಸರಳ. ಲಿಫ್ಟಿನ ಡಬ್ಬಿಯ ಆಚೆ ತುದಿಗೆ ಕೌಂಟರ್ ವೇಟು ಇರುತ್ತದೆ, ಖಾಲಿ ಡಬ್ಬಿಯ ತೂಕ, ಅದರ ಮೇಲೆ ಅದು ಹೊರಬೇಕಾದ ಪೂರ್ಣ ಭಾರದ ಸುಮಾರು ಅರ್ಧ. ಒಬ್ಬರೇ ಇದ್ದಾಗ ಆಚೆಯ ತೂಕ ಹೆಚ್ಚಾಗಿ ಡಬ್ಬಿಯನ್ನು ಮೇಲೆಳೆಯುತ್ತದೆ, ತುಂಬಿದಾಗ ಡಬ್ಬಿಯೇ ಭಾರ. ಹಳೆಯ ಮೋಟಾರಿಗೆ ವೇಗ ಮೆಲ್ಲಗೆ ಇಳಿಸಲು ಬಾರದು. ಕರೆಂಟು ಕಡಿದು ಬ್ರೇಕು ಹಿಡಿಯುತ್ತದೆ, ಜಾರಿದಷ್ಟು ಜಾರುತ್ತದೆ. ಈಗಿನ ವಿ3ಎಫ್ ಡ್ರೈವು ಮೋಟಾರಿನ ವೇಗವನ್ನು ನೆಲದ ಮಟ್ಟದ ತನಕ ಹಂತಹಂತವಾಗಿ ಇಳಿಸುವುದರಿಂದ ಈ ತಕರಾರೇ ಇಲ್ಲ. ಮೂರು ಇಂಚು ಅಂದರೆ ಹುಡುಗರಿಗೆ ಏನೂ ಅಲ್ಲ, ಎಪ್ಪತ್ತು ದಾಟಿದವರಿಗೆ ಅದು ತೊಡೆಯ ಎಲುಬು.

ಲಿಫ್ಟಿನ ಮೀಟಿಂಗು ನಡೆದ ದಿನ ನಾನೂ ಅಲ್ಲಿದ್ದೆ. ಅತಿಥಿಯಾದ್ದರಿಂದ ಬಾಯಿ ಮುಚ್ಚಿಕೊಂಡು ಚಹಾ ಕುಡಿಯುವುದಷ್ಟೇ ನನ್ನ ಕೆಲಸ. ವಿಷಯ ಇಷ್ಟೇ: ಲಿಫ್ಟು ತಿಂಗಳಿಗೊಮ್ಮೆ ನಿಲ್ಲುತ್ತಿದೆ, ರಿಪೇರಿ ಮಾಡಿಸುತ್ತ ಹೋಗುವುದೋ, ಹೊಸದು ಮಾಡಿಸುವುದೋ? ಸೆಕ್ರೆಟರಿ ಎದ್ದು, "ನಡೀತದಲ್ರಿ, ಇರ್ಲಿ ಬಿಡ್ರಿ, ನಿಂತಾಗ ನೋಡಮ್" ಎಂದರು. ಸಭೆಗೆ ಸಮಾಧಾನವಾಯಿತು. ಯಾರ ಕಿಸೆಗೂ ಕೈ ಹೋಗದ ಯಾವ ಮಾತಾದರೂ ನಮ್ಮ ಸಭೆಗಳಿಗೆ ಸಮಾಧಾನ ತರುತ್ತದೆ. ಮೇಲಿನ ಮಹಡಿಯ ಅಕ್ಕಾರು ಮಾತ್ರ ಬಿಡಲಿಲ್ಲ. "ನಿಂತಾಗ ಒಳಗ ನೀವ್ ಇರಂಗಿಲ್ಲಲ್ರಿ ಅಣ್ಣಾರ, ನಾವ್ ಇರ್ತೀವಿ" ಎಂದರು. ಆಗ ಕೆಳಮನೆಯ ಕಾಕಾ ಎದ್ದರು. "ನಾ ಲಿಫ್ಟ್ ಹತ್ತಾಂವಲ್ಲ, ಇಳ್ಯಾಂವಲ್ಲ. ನನ್ ಬಲ್ಲಿ ಯಾಕ ರೊಕ್ಕ ಕೇಳ್ತೀರಿ?"

ಕಾಕಾನ ಪ್ರಶ್ನೆ ಕರ್ನಾಟಕದ ಎಲ್ಲ ಅಪಾರ್ಟ್‌ಮೆಂಟುಗಳ ನೆಲಮಹಡಿಯ ರಾಷ್ಟ್ರಗೀತೆ. ಉತ್ತರ ಮಾತ್ರ ಬಹಳ ಹಿಂದೆಯೇ ಬರೆದಿಟ್ಟಿದ್ದಾರೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲಿ ಲಿಫ್ಟು, ನೀರಿನ ಟಾಕಿ, ಪಂಪು ಎಲ್ಲವೂ ಎಲ್ಲರ ಸಾಮಾನ್ಯ ಸೊತ್ತು. ನಾನು ಬಳಸುವುದಿಲ್ಲ ಎಂದು ಹೇಳಿ ಖರ್ಚಿನ ಪಾಲಿನಿಂದ ಜಾರಿಕೊಳ್ಳುವಂತಿಲ್ಲ. ಸಭೆಯಲ್ಲಿ ಯಾರೋ ಇದನ್ನು ಹೇಳಿದ ಮೇಲೆ ಕಾಕಾ ಕೂತರು. ಕಾಯ್ದೆ ಇನ್ನೂ ಒಂದು ಕೆಲಸ ಮಾಡಿದ್ದರೆ ಚೆನ್ನಾಗಿತ್ತು ಎಂದು ನನಗನ್ನಿಸುತ್ತದೆ: ಫ್ಲ್ಯಾಟು ಮಾರಿದ ದಿನದಿಂದಲೇ ಲಿಫ್ಟಿನ ಮುಪ್ಪಿಗೆಂದು ಬ್ಯಾಂಕಿನಲ್ಲಿ ಒಂದು ಖಾತೆ ತೆರೆಸಬೇಕಿತ್ತು. ಮಗಳ ಮದುವೆಗೆ ಹುಟ್ಟಿದ ದಿನದಿಂದ ಕೂಡಿಡುವ ಜನ, ಲಿಫ್ಟಿಗೆ ಮಾತ್ರ ನಿಂತ ಮೇಲೆ ಚಂದಾ ಎತ್ತುತ್ತಾರೆ.

ಮೀಟಿಂಗು ಮುಗಿದ ಮೇಲೆ ಮೆಕ್ಯಾನಿಕ್ ಹುಡುಗನ ಹಿಂದೆ ನಾನೂ ಮಾಳಿಗೆಯ ಮಷಿನ್ ರೂಮಿಗೆ ಹತ್ತಿದೆ. ಮೇ ತಿಂಗಳ ಕಲಬುರಗಿ, ತಗಡಿನ ಬಾಗಿಲು ಮುಟ್ಟಿದರೆ ಬೊಬ್ಬೆ. ಒಳಗೆ ಗ್ರೀಸಿನ ವಾಸನೆ, ಪಾರಿವಾಳದ ಹಿಕ್ಕೆ. ಕಂಟ್ರೋಲರಿನ ಪೆಟ್ಟಿಗೆ ತೆಗೆದರೆ ಸಾಲಾಗಿ ರಿಲೇಗಳು, ಕಾಂಟ್ಯಾಕ್ಟರುಗಳು. ಕೆಳಗೆ ಯಾರೋ ಬಟನ್ ಒತ್ತಿದರು. ಟಕ್ ಎಂದು ಒಂದು ಕೂಡಿತು, ಚಟ್ ಎಂದು ನೀಲಿ ಕಿಡಿ ಹಾರಿತು. ತಾಮ್ರದ ತುದಿಗಳು ಸುಟ್ಟು ಕರಿ ಹಿಡಿದಿದ್ದವು. ಹುಡುಗ ಮೇನ್ ಆಫ್ ಮಾಡಿ, ಕಿಸೆಯಿಂದ ಉಸುಕಿನ ಕಾಗದ ತೆಗೆದು ತಿಕ್ಕಿ, "ಆಯ್ತ್ರಿ" ಎಂದ. ಆಮೇಲೆ ಹತ್ತಿಯ ಅರಿವೆಯನ್ನು ರೋಪಿನ ಮೇಲೆ ಸವರಿದ. ಒಂದು ಕಡೆ ಅರಿವೆಯ ಎಳೆ ಸಿಕ್ಕಿಕೊಂಡಿತು. ಅಲ್ಲಿ ಒಂದು ತಂತಿ ಹರಿದು ಮುಳ್ಳಿನಂತೆ ಎದ್ದಿತ್ತು. ಎಳೆಗಳ ಸಂದಿಯಲ್ಲಿ ಕೆಂಪಗಿನ ಪುಡಿ. ತಂತಿ ತಂತಿ ಒಳಗೇ ತಿಕ್ಕಾಡಿ ಸವೆದಾಗ ಬರುವ ತುಕ್ಕು ಅದು. "ರೋಪ್ ಹೊಸಾದು ಹಾಕ್ಬೇಕ್ರಿ, ಹೇಳ್ಯೇನಿ, ಯಾರೂ ಕೇಳಂಗಿಲ್ಲ" ಎಂದ.

ಓದುಗರು ಗಾಬರಿಯಾಗುವುದು ಬೇಡ. ಸಿನಿಮಾದಲ್ಲಿ ತೋರಿಸುವಂತೆ ಒಂದು ರೋಪು ಹರಿದು ಲಿಫ್ಟು ಪಾತಾಳಕ್ಕೆ ಬೀಳುವುದಿಲ್ಲ. ರೋಪುಗಳು ಮೂರು, ನಾಲ್ಕು, ಐದು ಇರುತ್ತವೆ. ಹೊರುವ ಭಾರದ ಹತ್ತು ಹನ್ನೆರಡು ಪಟ್ಟು ತಡೆಯುವಂತೆ ಅವನ್ನು ಲೆಕ್ಕ ಹಾಕಿರುತ್ತಾರೆ. ಎಲ್ಲ ಹರಿದರೂ ವೇಗ ಹೆಚ್ಚಾದ ಕೂಡಲೇ ಗವರ್ನರ್ ಎಂಬ ವೇಗದ ಕಾವಲುಗಾರ ಎಳೆದು, ಡಬ್ಬಿಯ ಕೆಳಗಿನ ಇಕ್ಕಳಗಳು ಅದು ಓಡುವ ದಾರಿಯ ಗೈಡ್ ರೇಲನ್ನು ಕಚ್ಚಿ ಹಿಡಿಯುತ್ತವೆ. ಎಲಿಶಾ ಓಟಿಸ್ ಎಂಬಾತ 1854ರಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ತಾನೇ ಹಲಗೆಯ ಮೇಲೆ ನಿಂತು ಹಗ್ಗ ಕಡಿಸಿ ತೋರಿಸಿದ್ದು ಇಂಥ ಹಿಡಿತವನ್ನೇ. ಲಿಫ್ಟಿನಲ್ಲಿ ಜನ ಸಾಯುವುದು ಹೆಚ್ಚಾಗಿ ಬಾಗಿಲಲ್ಲಿ. ಲಿಫ್ಟು ಇಲ್ಲದಿದ್ದರೂ ಗೇಟು ತೆರೆದುಕೊಂಡು, ಫೋನು ನೋಡುತ್ತ ಕಾಲಿಟ್ಟವರು ಕೆಳಗೆ ಬೀಳುತ್ತಾರೆ. ಚಾನೆಲ್ ಗೇಟಿನ ಸಂದಿಯಲ್ಲಿ ಕೂಸಿನ ಕೈ ಸಿಗುತ್ತದೆ. ಗೇಟಿನ ಲಾಕು ಸವೆದು, ಅದು ಕೂಡದಿದ್ದರೆ ಲಿಫ್ಟೇ ಓಡುವುದಿಲ್ಲವೆಂದು ಯಾರೋ ಪುಣ್ಯಾತ್ಮ ಒಂದು ತುಂಡು ವೈರು ಕಟ್ಟಿ ಬೈಪಾಸ್ ಮಾಡಿರುತ್ತಾನೆ. ಇಂಥ ವೈರು ಕಂಡ ದಿನ ರಿಪೇರಿಯ ಮಾತು ಮುಗಿಯಿತೆಂದು ತಿಳಿಯಬೇಕು. ಲಾಕು ಸರಿಯಾಗುವ ತನಕ ಲಿಫ್ಟು ಬಂದ್.

ಆದರೆ "ಹಳೇದಾಯ್ತು, ತೆಗೆದು ಹಾಕ್ರಿ" ಎನ್ನುವ ಕಂಪನಿ ಏಜೆಂಟನ ಮಾತನ್ನೂ ನಾನು ಪೂರ್ತಿ ನಂಬುವವನಲ್ಲ. ಲಿಫ್ಟಿನಲ್ಲಿ ಎಲ್ಲ ಭಾಗಕ್ಕೂ ಒಂದೇ ಸಲ ಮುಪ್ಪು ಬರುವುದಿಲ್ಲ. ಗೈಡ್ ರೇಲು, ಕೌಂಟರ್ ವೇಟು, ಡಬ್ಬಿಯ ಚೌಕಟ್ಟು ಇವು ಬರೀ ಕಬ್ಬಿಣ. ನೀರು ತಾಗದಿದ್ದರೆ ನಮ್ಮನ್ನೂ ನಿಮ್ಮನ್ನೂ ಕಳಿಸಿಕೊಟ್ಟು ಇರುತ್ತವೆ. ಕೋಲ್ಕತ್ತದ ರಾಜಭವನದಲ್ಲಿ 1892ರಲ್ಲಿ ಹಾಕಿದ ಪಂಜರದಂಥ ಲಿಫ್ಟನ್ನು ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. ಗೇರು ಇರುವ ಹಳೆಯ ಮಷಿನ್ನು, ಎಣ್ಣೆ ನೋಡಿಕೊಂಡರೆ, ದಶಕಗಟ್ಟಲೆ ತಿರುಗುತ್ತದೆ. ರೋಪು, ಬ್ರೇಕಿನ ಲೈನರು ಸವೆಯಲೆಂದೇ ಮಾಡಿದ ಸಾಮಾನು, ಅವನ್ನು ಬದಲಿಸುವುದು ರಿಪೇರಿಯೇ. ಬೇಗ ಸಾಯುವುದು ಕಂಟ್ರೋಲರು. ಅದರಲ್ಲೂ ಒಂದು ಚೋದ್ಯವಿದೆ. ಭಾವನವರ ಕಟ್ಟಡದ ರಿಲೇ ಕಂಟ್ರೋಲರನ್ನು ಕಲಬುರಗಿಯ ಯಾವ ಜಾಣ ಇಲೆಕ್ಟ್ರಿಶಿಯನ್ನಾದರೂ ಬಿಚ್ಚಿ ಕೂಡಿಸಬಲ್ಲ, ಕಾಂಟ್ಯಾಕ್ಟರು ಪೇಟೆಯಲ್ಲಿ ಸಿಗುತ್ತದೆ. ಪಕ್ಕದ ಕಟ್ಟಡದ ಲಿಫ್ಟು ಇದಕ್ಕಿಂತ ಹತ್ತು ವರ್ಷ ಚಿಕ್ಕದು, ಚಕಚಕ ಹೊಳೆಯುವ ಆಟೋ ಡೋರಿನದು. ಅದರ ಕಂಟ್ರೋಲರಿನೊಳಗಿನ ಇಲೆಕ್ಟ್ರಾನಿಕ್ ಕಾರ್ಡು ಮಾತ್ರ ಹಾಕಿದ ಕಂಪನಿಯದೇ ಆಗಬೇಕು, ಆ ಕಂಪನಿ ಆ ಮಾಡೆಲ್ ನಿಲ್ಲಿಸಿದೆ. ಕಾರ್ಡು ಸುಟ್ಟರೆ ಬೇರೆ ಊರಿನ ಸೆಕೆಂಡ್ ಹ್ಯಾಂಡ್ ಕಾರ್ಡಿಗೆ ವಾರಗಟ್ಟಲೆ ಕಾಯಬೇಕು. ಹಾಗಾಗಿ ಮೊದಲು ಆಧುನಿಕಗೊಳಿಸಬೇಕಾದ್ದು ಹೊಳೆಯುವ ಆ ತಮ್ಮನನ್ನು, ಮುದಿ ಅಣ್ಣ ಇನ್ನೊಂದೆರಡು ವರ್ಷ ತಡೆದಾನು. ಇಪ್ಪತ್ತು ಇಪ್ಪತ್ತೈದು ವರ್ಷಕ್ಕೆ ಬದಲಿಸಿ ಎಂಬ ಮಾತು ಚಾಲ್ತಿಯಲ್ಲಿದೆ. ತಪ್ಪಲ್ಲ. ಆದರೆ ವರ್ಷಕ್ಕಿಂತ ಮೊದಲು ಕೇಳಬೇಕಾದ್ದು, ಸ್ಪೇರು ಸಿಗುತ್ತದೋ ಇಲ್ಲವೋ ಎಂದು.

ನಮ್ಮ ರೈತರಿಗೆ ಈ ಲೆಕ್ಕ ಹೊಸದಲ್ಲ. ಅಫಜಲಪುರದ ವೈಂಡಿಂಗ್ ಅಂಗಡಿಯ ಮುಂದೆ ಬೇಸಿಗೆಯಲ್ಲಿ ಹೋಗಿ ನಿಲ್ಲಿ. ಬೋರಿನಿಂದ ಎತ್ತಿ ತಂದ ಸುಟ್ಟ ಮೋಟಾರುಗಳು ಸಾಲಾಗಿ ಮಲಗಿರುತ್ತವೆ. ಮೊದಲ ಸಲ ಸುಟ್ಟರೆ ವೈಂಡಿಂಗ್ ಮಾಡಿಸುತ್ತಾರೆ. ಎರಡನೇ ಸಲವೂ ಮಾಡಿಸುತ್ತಾರೆ. ಮೂರನೇ ಸಲ ಬಂದವನಿಗೆ ಅಂಗಡಿಯವನೇ, "ಸಾಹುಕಾರ್ರ, ಎತ್ತಾದು ಇಳಸಾದರ ಖರ್ಚೇ ಇದಕ್ಕ ಹೆಚ್ಚಾಯ್ತು, ಹೊಸಾದ್ ಒಯ್ರಿ" ಎನ್ನುತ್ತಾನೆ. ಲಿಫ್ಟಿಗೂ ಹಾಗೇ. ಬರೀ ರಿಪೇರಿ ಬಿಲ್ಲು ಕೂಡಿಸಿದರೆ ಲೆಕ್ಕ ತಪ್ಪುತ್ತದೆ. ಲಿಫ್ಟು ನಿಂತ ದಿನಗಳು, ಗ್ಯಾಸ್ ಸಿಲಿಂಡರು ಹೊತ್ತವನಿಗೆ ಕೊಟ್ಟ ಮೇಲುಖರ್ಚು, ಡಯಾಲಿಸಿಸ್‌ಗೆ ಹೋಗುವವರನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಿದ ನಾಲ್ವರ ಬೆನ್ನು, ಇವೆಲ್ಲ ಆ ಬಿಲ್ಲಿಗೆ ಸೇರಬೇಕು.

ಇನ್ನು ಹೊಸದು ಹಾಕಿಸುವವರಿಗೂ ಒಂದು ಮಾತು. ಕಂಪನಿಯ ಚಿತ್ರಪುಸ್ತಕದಲ್ಲಿ ಕಲಬುರಗಿಯ ಬೇಸಿಗೆ ಇರುವುದಿಲ್ಲ. ಇಲೆಕ್ಟ್ರಾನಿಕ್ ಡ್ರೈವುಗಳಿಗೆ ಸಾಮಾನ್ಯವಾಗಿ 40 ಡಿಗ್ರಿ ತನಕ ಸಲೀಸು. ಇಲ್ಲಿ ಮೇ ತಿಂಗಳಲ್ಲಿ ನೆರಳಲ್ಲೇ ಅದು ದಾಟುತ್ತದೆ, ಮಾಳಿಗೆಯ ಮೇಲಿನ ಮುಚ್ಚಿದ ಕೋಣೆಯೊಳಗೆ ಕೇಳುವುದೇ ಬೇಡ. ರಿಲೇಗೆ ಬಿಸಿಲಿನ ಹಂಗಿಲ್ಲ, ಡ್ರೈವಿಗಿದೆ. ಲಕ್ಷಗಟ್ಟಲೆ ಸುರಿದು ಹೊಸ ಕಂಟ್ರೋಲರು ಕೂರಿಸಿ, ಗಾಳಿಯಾಡಲು ಎಕ್ಸಾಸ್ಟ್ ಫ್ಯಾನೊಂದನ್ನು ಹಾಕದೆ ಉಳಿತಾಯ ಮಾಡಿದ ಕಟ್ಟಡಗಳಲ್ಲಿ ಮಧ್ಯಾಹ್ನವಾದರೆ ಲಿಫ್ಟು ಟ್ರಿಪ್ ಆಗುತ್ತದೆ. ಎಲ್ಲರೂ ಸೇರಿ "ಹಳೇದೇ ಚಲೋ ಇತ್ತು" ಎನ್ನುತ್ತಾರೆ. ವೋಲ್ಟೇಜು ಏರಿಳಿಯುವ ಓಣಿಗಳಲ್ಲಿ ಸ್ಟೆಬಿಲೈಜರೂ ಬೇಕು. ಕರೆಂಟು ಹೋದಾಗ ಬ್ಯಾಟರಿಯ ಮೇಲೆ ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುವ ಎಆರ್‌ಡಿಯನ್ನು ಮಾತ್ರ ಯಾವ ಚೌಕಾಸಿಯಲ್ಲೂ ಕೈಬಿಡಬೇಡಿ.

ಮತ್ತೆ ನಮ್ಮ ಎರಿ ಭೂಮಿ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುವ ಕರಿ ಮಣ್ಣಿನ ಮೇಲೆ ಪಾಯ ಗಟ್ಟಿ ಇಲ್ಲದ ಕಟ್ಟಡ ಒಂದಿಷ್ಟು ಕದಲುತ್ತದೆ. ಗೋಡೆಯಲ್ಲಿ ಬಿರುಕು ಬಿಟ್ಟರೆ ಸುಣ್ಣ ಬಳಿಯುತ್ತೇವೆ, ಗೈಡ್ ರೇಲು ಒಂದೆರಡು ಮಿಲಿಮೀಟರು ವಾಲಿದರೆ ಯಾರಿಗೂ ಕಾಣುವುದಿಲ್ಲ, ಲಿಫ್ಟು ಗಡಗಡ ಅಲುಗುತ್ತದೆ ಅಷ್ಟೆ. ಅದನ್ನು ಮೋಟಾರಿನ ದೋಷವೆಂದು ತಿಳಿದು ಮೋಟಾರು ಬದಲಿಸಿದರೆ ಹೊಸ ಮೋಟಾರೂ ಗಡಗಡ ಎನ್ನುತ್ತದೆ. ಮೊದಲು ದಾರಕ್ಕೆ ಗುಂಡು ಕಟ್ಟಿ ರೇಲು ನೆಟ್ಟಗಿದೆಯೇ ನೋಡಿಸಿ. ಕೆಳಗಿನ ಗುಂಡಿಯಲ್ಲಿ ಮಳೆನೀರು ನಿಂತಿದೆಯೇ ಎಂಬುದನ್ನೂ.

ಯುರೋಪಿನವರು ಈ ಜಗಳವನ್ನು ಮೀಟಿಂಗಿಗೆ ಬಿಡಲಿಲ್ಲ. ಹಳೆಯ ಲಿಫ್ಟುಗಳಲ್ಲಿ ಏನೇನು ಅಪಾಯ ಇರಬಹುದೆಂದು 2003ರಲ್ಲಿ ಒಂದು ಮಾನದಂಡ ಬರೆದು 74 ಅಪಾಯ ಪಟ್ಟಿ ಮಾಡಿದರು. ಫ್ರಾನ್ಸ್ ಅದೇ ವರ್ಷ ಕಾಯ್ದೆ ತಂದು, ಮೊದಲು ಬಾಗಿಲಿನ ಲಾಕಿನಂಥ ಜೀವಕ್ಕೆ ಹತ್ತಿರದವು, ಆಮೇಲೆ ಉಳಿದವು ಎಂದು ಕಂತು ಹಾಕಿ ಮಾಲೀಕರಿಂದ ಮಾಡಿಸಿತು. ನನಗೆ ಹಿಡಿಸಿದ್ದು ಆ ಕಂತಿನ ಬುದ್ಧಿ. ಎಲ್ಲ ಕಿತ್ತೆಸೆಯಿರಿ ಎಂದಿಲ್ಲ, ಇರ್ಲಿ ಬಿಡ್ರಿ ಎಂದೂ ಇಲ್ಲ. ನಮ್ಮ ಕರ್ನಾಟಕದಲ್ಲೂ ಕಾಯ್ದೆಗೆ ಬರವಿಲ್ಲ. 1974ರ ಲಿಫ್ಟ್ ಕಾಯ್ದೆ ಇತ್ತು, ಆಮೇಲೆ ಎಸ್ಕಲೇಟರುಗಳನ್ನೂ ಸೇರಿಸಿ 2012ರದು ಬಂತು. ಲಿಫ್ಟು ಓಡಿಸಲು ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸು ಬೇಕು. ಆದರೆ ಆ ಲೈಸೆನ್ಸು, ಇರುವ ಲಿಫ್ಟು ಅಪಾಯವಿಲ್ಲದೆ ಓಡಬಹುದೆಂದು ಹೇಳುತ್ತದೆಯೇ ಹೊರತು, ಮುಂದಿನ ಬೇಸಿಗೆಗೆ ಅದರ ಕಾರ್ಡು ಸಿಗುತ್ತದೆಂದು ಹೇಳುವುದಿಲ್ಲ. ಅದನ್ನು ನಾವೇ ಕೇಳಬೇಕು.

ಸರಕಾರಿ ಕಟ್ಟಡಗಳ ಕತೆ ಬೇರೆ. ಅಲ್ಲಿ ಕಟ್ಟಲು ಅನುದಾನ ಬರುತ್ತದೆ, ನೋಡಿಕೊಳ್ಳಲು ಬರುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡಗಳಿಗೆಲ್ಲ ಎಲ್ಲರೂ ಬರುವಂತಿರಬೇಕು ಎನ್ನುತ್ತದೆ. ಹಾಗಿದ್ದೂ ಹೊಲದ ಖರೀದಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಬೇಕಾದ ಮುತ್ಯಾ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತುವುದನ್ನು ಎಷ್ಟು ಕಚೇರಿಗಳಲ್ಲಿ ನೋಡಿಲ್ಲ! ಒಂದು ಕಚೇರಿಯಲ್ಲಿ ಲಿಫ್ಟು ಇತ್ತು. ಅದರೊಳಗೆ ಹಳೆಯ ಕಡತಗಳನ್ನು ಪೇರಿಸಿ ಇಟ್ಟಿದ್ದರು. ಯಾವ ಊರು ಎಂದು ಹೇಳುವುದಿಲ್ಲ, ನಾಳೆ ನನ್ನ ಕಡತವೂ ಅಲ್ಲಿಗೆ ಹೋದೀತು.

ಭಾವನವರು ಆಮೇಲೆ ನನ್ನ ಅಭಿಪ್ರಾಯ ಕೇಳಿದರು. ಅತಿಥಿಗೆ ಮಾತಾಡಲು ಅವಕಾಶ ಸಿಕ್ಕರೆ ಬಿಡುತ್ತಾನೆಯೇ? ರೋಪು ಈ ತಿಂಗಳೇ ಬದಲಿಸಿ, ಅದಕ್ಕೆ ಮೀಟಿಂಗೇ ಬೇಡ ಎಂದೆ. ರೇಲು, ಕೌಂಟರ್ ವೇಟು ಮುಟ್ಟಬೇಡಿ. ಕಂಟ್ರೋಲರು, ಡ್ರೈವು, ಎಆರ್‌ಡಿ ಒಂದು ಕಂತು, ಚಾನೆಲ್ ಗೇಟು ತೆಗೆದು ಆಟೋ ಡೋರು ಇನ್ನೊಂದು ಕಂತು. ಎರಡರಲ್ಲಿ ಯಾವುದು ಮೊದಲು ಎಂದರೆ, ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಬಾಗಿಲು ಮೊದಲು. ಕಾರ್ಡು ಒಂದೇ ಕಂಪನಿಗೆ ಕಟ್ಟಿಹಾಕುವಂಥದ್ದು ಬೇಡ, ಪೇಟೆಯಲ್ಲಿ ನಾಲ್ಕು ಮಂದಿ ರಿಪೇರಿ ಮಾಡಬಲ್ಲದ್ದು ಇರಲಿ. ಎಎಂಸಿ ಎಂಬ ವಾರ್ಷಿಕ ನಿರ್ವಹಣೆಯ ಕರಾರಿಗೆ ಸಹಿ ಹಾಕುವ ಮೊದಲು ರೋಪು, ಕಾರ್ಡು, ಮೋಟಾರು ಅದರಲ್ಲಿ ಸೇರಿವೆಯೋ, ಬರೀ ಎಣ್ಣೆ ಬಿಟ್ಟು ಒರೆಸುವುದಷ್ಟೇ ಇದೆಯೋ ಸಣ್ಣ ಅಕ್ಷರದಲ್ಲಿ ಓದಿ. ಕೆಳಮನೆಯ ಕಾಕಾನಿಗೆ ಇದೆಲ್ಲ ಹೇಳಿದಾಗ ಅವರು, "ಮೊಣಕಾಲ್ ನನಗೂ ನೋಯ್ಲಾಕ ಹತ್ಯಾವ, ಮಾಳಗಿಗಿ ಹೋಗಿ ಬಿಸಲ್ ಕಾಸ್ಕೋಬೇಕಂದ್ರ ನನಗೂ ಬೇಕಾಗ್ತದ ಬಿಡು" ಎಂದು ಒಪ್ಪಿದರು. ರೋಪು ಬದಲಾಗಿದೆ. ಕಂಟ್ರೋಲರಿಗೆ ಹಣ ಕೂಡುತ್ತಿದೆ, ಇನ್ನೂ ಎರಡು ಮನೆಯವರು ಕೊಟ್ಟಿಲ್ಲ.

ನೀವೂ ಇಂಥ ಕಟ್ಟಡದಲ್ಲಿದ್ದರೆ ಇವತ್ತೇ ಸೆಕ್ರೆಟರಿಯವರನ್ನು ಕೇಳಿ, ಮೂರು ಕಾಗದ: ಪರಿವೀಕ್ಷಣಾಲಯದ ಲೈಸೆನ್ಸು, ಕೊನೆಯ ಸಲ ರೋಪು ಬದಲಿಸಿದ ಬಿಲ್ಲು, ಕಳೆದ ವರ್ಷ ಲಿಫ್ಟು ನಿಂತ ದಿನಗಳ ಪಟ್ಟಿ. ಮೂರನೆಯದು ಯಾರ ಬಳಿಯೂ ಇರುವುದಿಲ್ಲ. ಇಂದಿನಿಂದ ಬರೆಯಲು ಶುರು ಮಾಡಿ.